ಡಬ್ಬಿ ಮನೆಯ ಬೇಳೆ

ನನ್ನ ಗಂಡ ನನಗೆ ತಂದುಕೊಟ್ಟ ಉಡುಗೊರೆಗಳು ಹೆಚ್ಚಿಲ್ಲ. ಒಂದು ಕೈಗಡಿಯಾರ, ಮೂರು ಸೀರೆ, ಒಂದು ಮಿಕ್ಸರು. ಅವುಗಳ ಬಗ್ಗೆ ನನ್ನ ದೂರಿಲ್ಲ. ಆದರೆ ಹೋದ ವರ್ಷ ನಮ್ಮ ಮದುವೆಯ ವಾರ್ಷಿಕೋತ್ಸವದಂದು ಅವರು ಅಂಗಿಯ ಜೇಬಿನಿಂದ ತೆಗೆದುಕೊಟ್ಟ ಗುಲಾಬಿ ಬಣ್ಣದ ಒಂದು ಕಾರ್ಡನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ದಾಂಡೇಲಿಯಲ್ಲಿ ಅದಕ್ಕೂ ಕೆಲವು ತಿಂಗಳ ಮೊದಲು ತೆರೆದಿದ್ದ ಒಂದು ಅಡುಗೆಮನೆಯ ಸದಸ್ಯತ್ವದ ಕಾರ್ಡು ಅದು. ಬೆಳಗಾವಿ ಕಡೆಯಿಂದ ಬಂದ ಒಬ್ಬ ಹೆಂಗಸು ಮುಚ್ಚಿಹೋಗಿದ್ದ ಹೋಟೆಲೊಂದರ ಊಟದ ಕೋಣೆಯನ್ನು ಬಾಡಿಗೆಗೆ ಹಿಡಿದು ಅದನ್ನು ಶುರುಮಾಡಿದ್ದಳು. ಅಲ್ಲಿ ಖಾನಾವಳಿಯ ಹಾಗೆ ಊಟ ಹಾಕುವುದಿಲ್ಲ, ಬೇಯಿಸಿದ ಪದಾರ್ಥ ಕಟ್ಟಿಕೊಡುವುದೂ ಇಲ್ಲ. ಉಳ್ಳಾಗಡ್ಡಿ ಹೆಚ್ಚಿ, ಮಸಾಲೆ ರುಬ್ಬಿ, ಕಾಳಿಗೆ ಮೊಳಕೆ ಬರಿಸಿ, ಬೇಳೆಯನ್ನು ಅರ್ಧ ಬೇಯಿಸಿ, ಎಲ್ಲವನ್ನೂ ಸ್ಟೀಲಿನ ಮೇಜುಗಳ ಮೇಲೆ ಸಾಲಾಗಿ ಇಟ್ಟಿರುತ್ತಾರೆ. ನಾವು ಹೋಗಿ ಗೋಡೆಗೆ ಅಂಟಿಸಿದ ಚೀಟಿ ಓದಿ, ಇದರಲ್ಲಿ ಎರಡು ಚಮಚ, ಅದರಲ್ಲಿ ಒಂದು ಬಟ್ಟಲು ಎಂದು ಪ್ಲಾಸ್ಟಿಕ್ ಡಬ್ಬಿಗಳಿಗೆ ತುಂಬಿಕೊಂಡು ಬರಬೇಕು. ಭಾನುವಾರ ಒಂದು ಹೊತ್ತು ಅಲ್ಲಿ ನಿಂತರೆ ಇಡೀ ವಾರದ ಪಲ್ಯ, ಬೇಳೆ, ಸಾರು ಡಬ್ಬಿಯಲ್ಲಿ. ಮನೆಯ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟು, ಬೇಕಾದ ದಿನ ಒಲೆಯ ಮೇಲೆ ಏರಿಸುವುದು. ಅದಕ್ಕೆ ಏನೋ ಒಂದು ಇಂಗ್ಲಿಷ್ ಹೆಸರಿತ್ತು. ನಮ್ಮ ಓಣಿಯ ಹೆಂಗಸರು ಮೊದಲ ವಾರವೇ ಅದನ್ನು ಬಿಟ್ಟು ‘ಡಬ್ಬಿ ಮನಿ’ ಅಂದರು.

ಕಾರ್ಡು ಕೊಡುವಾಗ ನನ್ನ ಗಂಡನಿಗೆ ಬಹಳ ಸಂತೋಷವಾಗಿತ್ತು. ಕಾಗದದ ಮಿಲ್ಲಿನಲ್ಲಿ ಅವರ ಜೊತೆ ಪಾಳಿ ಮಾಡುವ ಇಬ್ಬರು ಆಗಲೇ ತಮ್ಮ ಹೆಂಡತಿಯರನ್ನು ಸೇರಿಸಿದ್ದರಂತೆ. ನಾನು ದಿನಾ ದಣಿದು ಬರುವುದನ್ನು ನೋಡಲಾಗುತ್ತಿಲ್ಲ, ಇನ್ನು ಮೇಲೆ ನನಗೆ ಹೆಚ್ಚುವ, ರುಬ್ಬುವ ಕೆಲಸವಿಲ್ಲ ಎಂದು ವಿವರಿಸಿದರು.

ದಣಿಯುತ್ತಿದ್ದದ್ದು ನಿಜ. ನಾನು ಜೊಯಿಡಾದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಬೆಳಿಗ್ಗೆ ಎಂಟರ ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಾಯುವ ಹೊತ್ತಿಗೆ ಸಾಹೇಬರು ಹಾಜರಿ ಪುಸ್ತಕ ಮುಚ್ಚಿರುತ್ತಾರೆ. ಸಂಜೆ ತಿರುಗಿ ಬರುವಷ್ಟರಲ್ಲಿ ಏಳು. ಉಳಿದ ಸಮಯದಲ್ಲಿ ಎರಡು ಹೊತ್ತಿನ ಅಡುಗೆ, ಹಳಿಯಾಳದ ಕಾಲೇಜಿಗೆ ಹೋಗುವ ಮಗಳ ಬುತ್ತಿ, ಗಂಡನ ಪಾಳಿಯ ಬುತ್ತಿ. ಅವರ ಪಾಳಿ ವಾರವಾರ ಬದಲಾಗುವುದರಿಂದ ಅವರ ಹಸಿವೂ ವಾರವಾರ ಬದಲಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನು ಅವರಿಗೆ ಉಳ್ಳಾಗಡ್ಡಿ ಹೆಚ್ಚುವುದನ್ನಾದರೂ ಕಲಿಸಲು ನೋಡಿದ್ದೆ. ಕಣ್ಣಿಗೆ ನೀರು ಬಂತು ಎಂದು ಎದ್ದು ಹೋದವರು ಮತ್ತೆ ಅಡುಗೆಮನೆಯಲ್ಲಿ ಕೂತಿರಲಿಲ್ಲ. ಈಗ ಆ ಕಾರ್ಡು ಹಿಡಿದಾಗ ನನಗೆ ಅನ್ನಿಸಿದ್ದು ಇಷ್ಟೇ: ಕೈಜೋಡಿಸು ಅಂದರೆ ಈ ಮನುಷ್ಯ ದುಡ್ಡು ಕೊಟ್ಟು ಬಂದಿದ್ದಾನೆ. ಆದರೂ ಕಟ್ಟಿದ ದುಡ್ಡು ಹಾಳಾಗಬಾರದು ಎಂದು ಮುಂದಿನ ಭಾನುವಾರ ಹೋದೆ.

ಬಾಗಿಲಲ್ಲೇ ತಲೆಗೆ ಬಲೆಯ ಟೋಪಿ, ಕೈಗೆ ತೆಳ್ಳನೆಯ ಗವಸು ಕೊಟ್ಟರು. ಹದಿನೈದು ಹೆಂಗಸರು ಮೇಜುಗಳ ಸುತ್ತ ಚೀಟಿ ಓದುತ್ತ ಸಾಲಿನಲ್ಲಿ ಸರಿಯುತ್ತಿದ್ದರು. ನಾನು ಮಡಿಕೆಕಾಳಿನ ಡಬ್ಬಿಗೆ ಎಂದಿನಂತೆ ಬೆರಳ ತುದಿಯಲ್ಲಿ ಖಾರಪುಡಿ ಎತ್ತಿದೆ. ಅದನ್ನು ಶುರುಮಾಡಿದ ಬೆಳಗಾವಿಯ ಹೆಂಗಸು, ಎಲ್ಲರ ಬಾಯಲ್ಲಿ ಮೇಡಮ್ಮು, ಹಿಂದಿನಿಂದ ಬಂದು ಕೈ ಹಿಡಿದಳು. ಚಮಚದ ಅಳತೆಯಲ್ಲಿ ಹಾಕಬೇಕು, ಕೆಂಪು ಹಿಡಿಕೆಯದು ಖಾರಕ್ಕೆ, ಹಳದಿ ಹಿಡಿಕೆಯದು ಉಪ್ಪಿಗೆ, ಅಳತೆ ತಪ್ಪಿದರೆ ರುಚಿ ಕೆಡುತ್ತದೆ ಎಂದು ನಗುನಗುತ್ತಲೇ ಹೇಳಿದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಕೈಯ ಅಳತೆಯ ಮೇಲೆ ನಾನು ಇಪ್ಪತ್ತು ವರ್ಷದಿಂದ ಮನೆ ನಡೆಸಿದ್ದೆ. ಆ ಗವಸಿನೊಳಗೆ ನನ್ನ ಬೆರಳುಗಳು ಬೇರೆ ಯಾರವೋ ಆದಂತೆ ಕಂಡವು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ನಿಮ್ಮದೇ ಕೈರುಚಿ’ ಎಂದು ಬರೆಸಿದ್ದರು.

ಹಸಿರು ಪರದೆಯ ಹಿಂದೆ ಹೆಚ್ಚುವ ಸದ್ದು ಕೇಳುತ್ತಿತ್ತು. ಕೈತೊಳೆಯಲು ಆ ಕಡೆ ಹೋದಾಗ ಒಳಗೆ ನೆಲದ ಮೇಲೆ ಐದಾರು ಹೆಂಗಸರು ಈಳಿಗೆ ಮಣೆ ಇಟ್ಟುಕೊಂಡು ಕೂತಿದ್ದು ಕಂಡಿತು. ಒಬ್ಬಳ ಗುರುತು ಸಿಕ್ಕಿತು. ಸಾಂಬ್ರಾಣಿ ಊರಿನ ಕಡೆಯವಳು, ಮೊದಲು ಬುಟ್ಟಿಯಲ್ಲಿ ಪುಂಡಿ ಸೊಪ್ಪು, ರಾಜಗಿರಿ ಸೊಪ್ಪು ಹೊತ್ತು ನಮ್ಮ ಓಣಿಗೆ ಬರುತ್ತಿದ್ದವಳು. ಅವಳ ತಲೆಯ ಮೇಲೂ ನನ್ನ ತಲೆಯ ಮೇಲಿದ್ದಂಥದ್ದೇ ಬಲೆಯ ಟೋಪಿ.

“ಅಕ್ಕಾರ, ನೀವೂ ಹೆಚ್ಚಾಕ ಬಂದೀರೇನ್ರಿ?” ಎಂದಳು.

ಇಲ್ಲ, ಒಯ್ಯಲು ಬಂದಿದ್ದೇನೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹೆಚ್ಚಿದ್ದೆಲ್ಲ ಇಲ್ಲಿ ಇದೆ, ಮತ್ತೆ ನೀವು ನಿಂತುಕೊಂಡು ಮಾಡುವುದೇನು ಎಂದು ಕೇಳಿದಳು. ಸೊಪ್ಪು ಮಾರುವುದನ್ನು ಯಾಕೆ ಬಿಟ್ಟೆ ಎಂದು ನಾನು ಕೇಳಿದ್ದಕ್ಕೆ, ಕೊಳ್ಳುವವರೆಲ್ಲ ಇಲ್ಲಿಗೇ ಬರತೊಡಗಿದ ಮೇಲೆ ಬುಟ್ಟಿ ಹೊತ್ತು ಯಾರ ಬಾಗಿಲಿಗೆ ಹೋಗಲಿ ಎಂದಳು. ಸಂಜೆ ಬಸ್ಸು ಹತ್ತಿ ಊರಿಗೆ ಹೋಗಿ ತನ್ನ ಮನೆಯ ಆರು ಜನರಿಗೆ ಮತ್ತೆ ಮೊದಲಿನಿಂದ ಹೆಚ್ಚಬೇಕು ಎಂದೂ ಹೇಳಿದಳು. ಅಷ್ಟರಲ್ಲಿ ಮೇಡಮ್ಮು ಬಂದು, ಗಿರಾಕಿಗಳು ಈ ಕಡೆ ಬರಬಾರದು, ಸ್ವಚ್ಛತೆಯ ಪ್ರಶ್ನೆ ಎಂದು ನನ್ನನ್ನು ಹೊರಗೆ ಕಳಿಸಿದಳು.

ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ಯಾಕೆಂದರೆ ಸೋಮವಾರ ಸಂಜೆ ಜೊಯಿಡಾದಿಂದ ಬಂದು ಡಬ್ಬಿಯನ್ನು ಪಾತ್ರೆಗೆ ಬೋರಲು ಹಾಕಿದರೆ ಇಪ್ಪತ್ತು ನಿಮಿಷದಲ್ಲಿ ಪಲ್ಯ. ಅದು ಸುಳ್ಳಲ್ಲ. ಆ ಇಪ್ಪತ್ತು ನಿಮಿಷದ ಆಸೆಗೆ ನಾನು ನನ್ನ ಭಾನುವಾರಗಳನ್ನು ಕೊಟ್ಟೆ. ಮೊದಲು ಭಾನುವಾರ ಬೆಳಿಗ್ಗೆ ನಾನು ಬಾಗಿಲ ಮುಂದೆ ಕೂತು ಮೆಂತ್ಯ ಬಿಡಿಸುತ್ತ ಎದುರು ಮನೆಯ ವೈನಿಯ ಜೊತೆ ಮಾತಾಡುತ್ತಿದ್ದೆ. ಮಗಳು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಬಂದು ಕೂರುತ್ತಿದ್ದಳು. ಆ ಕೆಲಸವನ್ನು ನಾನು ಕೆಲಸ ಎಂದು ಎಣಿಸಿರಲೇ ಇಲ್ಲ. ಈಗ ಒಂಬತ್ತಕ್ಕೆ ಚೀಲ ಹಿಡಿದು ಹೊರಟರೆ ಸರದಿಯಲ್ಲಿ ನಿಂತು, ತುಂಬಿ, ಮುಚ್ಚಳಕ್ಕೆ ಹೆಸರು ಬರೆದು, ಆಟೋ ಹಿಡಿದು ಮನೆಗೆ ಬರುವಷ್ಟರಲ್ಲಿ ಒಂದೂವರೆ. ನಮ್ಮ ಫ್ರಿಜ್ಜಿಗೆ ಒಂದೇ ಬಾಗಿಲು, ಐಸಿನ ಖಾನೆಯಲ್ಲಿ ಆರು ಡಬ್ಬಿ ಹಿಡಿದರೆ ಹೆಚ್ಚು. ಉಳಿದ ಆರನ್ನು ಕೆಳಗಿಟ್ಟು ಮೂರು ದಿನದೊಳಗೆ ತಿಂದು ಮುಗಿಸಬೇಕು. ಬೇಕೆನಿಸಿದ್ದನ್ನಲ್ಲ, ಕೆಡುವುದಕ್ಕೆ ಬಂದದ್ದನ್ನು ಉಣ್ಣುವ ಮನೆಯಾಯಿತು ನಮ್ಮದು.

ಮಳೆಗಾಲದಲ್ಲಿ ಇನ್ನೂ ಕಷ್ಟ. ಒಮ್ಮೆ ಮರ ಬಿದ್ದು ಒಂದೂವರೆ ದಿನ ಕರೆಂಟು ಹೋಯಿತು. ಡಬ್ಬಿಗಳೆಲ್ಲ ಕರಗಿ ನೀರು ಬಿಟ್ಟು ಫ್ರಿಜ್ಜಿನ ತಳದಲ್ಲಿ ಬದನೆಕಾಯಿ ಎಣ್ಣೆಗಾಯಿಯ ಎಣ್ಣೆ ಹರಿದಿತ್ತು. ಚೆಲ್ಲುತ್ತೇನೆ ಅಂದರೆ ಗಂಡ ಒಪ್ಪಲಿಲ್ಲ. ಚೆನ್ನಾಗಿ ಕುದಿಸಿದರೆ ಏನೂ ಆಗುವುದಿಲ್ಲ ಎಂದರು. ಮಗಳು ಎರಡು ದಿನ ಕಾಲೇಜಿಗೆ ಹೋಗದೆ ಮಲಗಿದಳು. ಮೇಡಮ್ಮಿಗೆ ಹೇಳಿದರೆ, ಒಮ್ಮೆ ಕರಗಿದ್ದನ್ನು ಮತ್ತೆ ಬಳಸಬಾರದೆಂದು ಚೀಟಿಯಲ್ಲೇ ಬರೆದಿದೆಯಲ್ಲ ಎಂದು ತೋರಿಸಿದಳು. ಬರೆದಿತ್ತು. ಅವಳ ಚೀಟಿಯಲ್ಲಿ ಎಲ್ಲವೂ ಬರೆದಿರುತ್ತಿತ್ತು.

ಇಷ್ಟರ ಮೇಲೂ ನಾನು ಎಂಟು ತಿಂಗಳು ಹೋದೆ. ರುಚಿ ಹೇಗಿತ್ತು ಎಂದು ಕೇಳಿದರೆ, ಕೆಟ್ಟದಾಗಿರಲಿಲ್ಲ ಎಂದೇ ಹೇಳಬೇಕು. ಅದೇ ಅದರ ಕೇಡು. ಕೆಟ್ಟಿದ್ದರೆ ಮೊದಲ ವಾರವೇ ಬಿಟ್ಟುಬಿಡುತ್ತಿದ್ದೆ. ಒಂದು ವಾರ ಉಪ್ಪು ಹೆಚ್ಚಾಗಲಿಲ್ಲ, ಇನ್ನೊಂದು ವಾರ ಖಾರ ಕಡಿಮೆಯಾಗಲಿಲ್ಲ. ಯಾರೂ ಊಟದ ನಡುವೆ ತಲೆಯೆತ್ತಿ ‘ಇವತ್ತೇನು ಹಾಕಿದೆ’ ಎಂದು ಕೇಳಲಿಲ್ಲ. ನನ್ನ ತಂಗಿ ಧಾರವಾಡದಿಂದ ಬಂದಾಗ ಎಣ್ಣೆಗಾಯಿ ಹೊಗಳಿದಳು. ನಾನು ಮಾಡಿದ್ದೆಂದೇ ಬಗೆದು ಹೊಗಳಿದಳು, ನಾನೂ ಸುಮ್ಮನಿದ್ದೆ. ಹಾಗೆ ಸುಮ್ಮನಿರುವುದು ಅಭ್ಯಾಸವಾಯಿತು.

ಈಗ ವೈನಿಯ ವಿಷಯ ಹೇಳಬೇಕು. ನಾವಿರುವುದು ಮಿಲ್ಲಿಗೆ ಹತ್ತಿರದ ಒಂದು ಚಾಳಿನಲ್ಲಿ. ಎದುರುಬದುರು ನಾಲ್ಕು ನಾಲ್ಕು ಮನೆ, ನಡುವೆ ಒಂದು ಕಲ್ಲುಹಾಸು. ಎದುರು ಮನೆಯವರು ಹಳಿಯಾಳ ತಾಲೂಕಿನವರು. ಆತನೂ ಮಿಲ್ಲಿನ ಕೆಲಸಗಾರ, ನನ್ನ ಗಂಡನಿಗಿಂತ ಹಿರಿಯ. ಅವರ ಹೆಂಡತಿಯನ್ನು ನಾನು ಬಂದ ದಿನದಿಂದ ವೈನಿ, ಅಂದರೆ ಅತ್ತಿಗೆ, ಎಂದೇ ಕರೆದವಳು. ನನ್ನ ಮಗಳನ್ನು ನಾನು ಕಚೇರಿಗೆ ಹೋದಾಗಲೆಲ್ಲ ನೋಡಿಕೊಂಡದ್ದು ಆ ವೈನಿ. ನಾನು ಅದಕ್ಕೆ ಏನನ್ನೂ ಕೊಟ್ಟಿಲ್ಲ, ಆಕೆ ಕೇಳಿಲ್ಲ. ನಾನು ಕೊಡುತ್ತಿದ್ದದ್ದು ಒಂದೇ. ವೈನಿಗೆ ಬೆಳ್ಳುಳ್ಳಿ ಆಗುತ್ತಿರಲಿಲ್ಲ. ವ್ರತವಲ್ಲ, ಮಡಿಯಲ್ಲ, ಚಿಕ್ಕಂದಿನಿಂದ ಅದರ ವಾಸನೆಗೇ ಆಕೆಯ ಹೊಟ್ಟೆ ತೊಳಸುತ್ತಿತ್ತು. ಅದಕ್ಕೆ ನಾನು ಬೇಳೆಗೆ ಒಗ್ಗರಣೆ ಕೊಡುವ ಮುಂಚೆ ಒಂದು ಬಟ್ಟಲು ಬೇರೆ ತೆಗೆದಿಟ್ಟು, ಅದಕ್ಕೆ ಬರೀ ಜೀರಿಗೆ, ಇಂಗಿನ ಒಗ್ಗರಣೆ ಹಾಕಿ ಎದುರು ಮನೆಗೆ ದಾಟಿಸುತ್ತಿದ್ದೆ. ಹದಿನೇಳು ವರ್ಷ ಹೀಗೆ ನಡೆದಿತ್ತು. ಡಬ್ಬಿಗಳು ಬಂದ ಮೇಲೆ ನಿಂತಿತು. ಡಬ್ಬಿಯಲ್ಲಿ ಎಲ್ಲವೂ ಮೊದಲೇ ಸೇರಿಹೋಗಿರುತ್ತಿತ್ತು, ಬೇರೆ ತೆಗೆದಿಡಲು ಏನೂ ಉಳಿಯುತ್ತಿರಲಿಲ್ಲ. ನಿಂತದ್ದನ್ನು ನಾನು ಗಮನಿಸಲೂ ಇಲ್ಲ.

ಒಂದು ಗುರುವಾರ ಬೆಳಗಿನ ಜಾವ ಎದುರು ಮನೆಯ ಅಣ್ಣ ತೀರಿಕೊಂಡರು. ಹಲ್ಲುಜ್ಜಲು ಎದ್ದವರು ಬಚ್ಚಲ ಬಾಗಿಲಲ್ಲೇ ಕುಸಿದರು. ವೈನಿಯ ದನಿ ಕೇಳಿ ನಾವೆಲ್ಲ ಓಡಿದೆವು. ಡಾಕ್ಟರು ಬಂದು ನೋಡುವಷ್ಟರಲ್ಲಿ ಮುಗಿದಿತ್ತು. ನಾನು ಕಚೇರಿಗೆ ಫೋನು ಮಾಡಿ ರಜೆ ಹಾಕಿದೆ. ಹಳಿಯಾಳದಿಂದ ವೈನಿಯ ಅಕ್ಕ ಬಂದರು, ನೆಂಟರು ಬಂದರು. ಮಧ್ಯಾಹ್ನ ಮಣ್ಣು ಮಾಡುವುದೆಂದು ಗೊತ್ತಾಯಿತು. ಸತ್ತ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಬುತ್ತಿ ಒಯ್ಯಬೇಕು. ಯಾರೂ ಯಾರಿಗೂ ಹೇಳಬೇಕಿಲ್ಲ. ನಮ್ಮ ಸಾಲಿನ ಪಕ್ಕದ ಮನೆಯವಳು, ಮೂಲೆಯ ಮನೆಯವಳು, ನಾನು, ಮೂವರೂ ನಮ್ಮ ನಮ್ಮ ಮನೆಗೆ ಹೋದೆವು.

ಹೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ನನ್ನ ಮುಂದೆ ಮೂರು ತಾಸು ಇದ್ದವು. ಡಬ್ಬದಲ್ಲಿ ತೊಗರಿ ಬೇಳೆ ಇತ್ತು, ಇಂಗಿತ್ತು, ಜೀರಿಗೆ ಇತ್ತು. ನಾನು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದೆ. ಕೈ ತಾನಾಗಿ ಐಸಿನ ಖಾನೆಗೆ ಹೋಯಿತು. ಬೇಳೆಯ ಎರಡು ಡಬ್ಬಿಗಳನ್ನು ಪಾತ್ರೆಗೆ ಹಾಕಿ ಕುದಿಯಲು ಇಟ್ಟು, ಕುಕ್ಕರಿನಲ್ಲಿ ಅನ್ನ ಮಾಡಿ, ಉಳಿದ ಹೊತ್ತು ಎದುರು ಮನೆಯ ಕಟ್ಟೆಯ ಮೇಲೆ ಕೂತು ಬಂದವರಿಗೆ ನೀರು ಕೊಟ್ಟೆ. ಆ ಬೇಳೆಯನ್ನು ಒಮ್ಮೆಯಾದರೂ ಮೂಸಿ ನೋಡಲಿಲ್ಲ. ವೈನಿಯ ಬುತ್ತಿಗೆ ಎಂದು ಪಾತ್ರೆ ಇಳಿಸುವಾಗಲೂ ನನಗೆ ಬೆಳ್ಳುಳ್ಳಿ ನೆನಪಾಗಲಿಲ್ಲ.

ಗಂಡಸರು ಸ್ಮಶಾನದಿಂದ ಬಂದು ಸ್ನಾನ ಮಾಡಿದ ಮೇಲೆ ನಾವು ಮೂವರೂ ಬುತ್ತಿ ಒಯ್ದೆವು. ವೈನಿ ಗೋಡೆಗೆ ಒರಗಿ ಕೂತಿದ್ದರು. ಅವರ ಅಕ್ಕ ಮೂರೂ ಪಾತ್ರೆಗಳ ಮುಚ್ಚಳ ತೆಗೆದರು. ಮೂರರಲ್ಲೂ ಬೇಳೆ. ಅದೇ ಬಣ್ಣ, ಅದೇ ಅಳತೆಯ ಟೊಮ್ಯಾಟೊ ಹೋಳು, ಮೇಲೆ ತೇಲುವ ಅದೇ ಕೆಂಪು ಬೆಳ್ಳುಳ್ಳಿ. ಆಕೆ ಒಂದೊಂದರಿಂದ ಒಂದೊಂದು ಹನಿ ಅಂಗೈಗೆ ಹಾಕಿಕೊಂಡು ನೋಡಿದರು. ವ್ಯಂಗ್ಯ ಮಾಡಬೇಕೆಂದಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದರು.

“ಮೂರೂ ಒಂದ ಮನಿಯಾಗ ಮಾಡೀರೇನ್ರಿ?”

ಪಕ್ಕದ ಮನೆಯವಳು ಸೆರಗು ಸರಿಮಾಡಿಕೊಂಡಳು. ಮೂಲೆಯ ಮನೆಯವಳು ನೀರು ತರುತ್ತೇನೆ ಎಂದು ಎದ್ದಳು. ನಾನು ವೈನಿಯ ಕಡೆ ನೋಡಿದೆ. ಅವರು ಸೆರಗಿನ ತುದಿಯನ್ನು ಮೂಗಿಗೆ ಹಿಡಿದಿದ್ದರು. ಬೆಳಗಿನಿಂದ ಅಳುತ್ತಿದ್ದ ಹೆಂಗಸು ಸೆರಗು ಹಿಡಿದರೆ ಕಣ್ಣೊರೆಸಲು ಎಂದು ಉಳಿದವರು ತಿಳಿದರು. ನನಗೆ ಆಗ ಗೊತ್ತಾಯಿತು. ಇಟ್ಟು ಹೋಗಿರಿ, ಆಮೇಲೆ ಉಣ್ಣುತ್ತೇನೆ ಎಂದು ಮೆಲ್ಲಗೆ ಹೇಳಿದರು. ಅವರ ಅಕ್ಕ ಒತ್ತಾಯ ಮಾಡಿದ ಮೇಲೆ ಎರಡು ತುತ್ತು ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು ನುಂಗಿದರು. ಆ ಮಜ್ಜಿಗೆಯನ್ನೂ ನಮ್ಮಲ್ಲಿ ಯಾರೂ ತಂದಿರಲಿಲ್ಲ, ಓಣಿಯ ಆಚೆಯ ಕಿರಾಣಿ ಅಂಗಡಿಯಾಕೆ ಕಳಿಸಿದ್ದು.

ನಾನು ಮನೆಗೆ ಬಂದು ಉಳಿದ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಮೋರಿಗೆ ಸುರಿದೆ. ಹೆಪ್ಪುಗಟ್ಟಿದ ಗಡ್ಡೆಗಳು ಕರಗಿ ಹೋಗಲೊಲ್ಲವು. ಬಿಸಿನೀರು ಹೊಯ್ದೆ. ಮಗಳು ಬಂದು ನೋಡಿ ಇನ್ನೊಂದು ಪಾತ್ರೆ ನೀರು ಕಾಯಲು ಇಟ್ಟಳು. ಆಮೇಲೆ ಬೇಳೆ ಬೇಯಲು ಹಾಕಿದೆ. ಹೊತ್ತು ಮುಳುಗುವ ಮುಂಚೆ ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ ಹಾಕಿ, ಮೆತ್ತಗೆ ಅನ್ನ ಮಾಡಿಕೊಂಡು ಒಬ್ಬಳೇ ಕಲ್ಲುಹಾಸು ದಾಟಿದೆ.

ವೈನಿ ಒಂದು ತುತ್ತು ಬಾಯಿಗಿಟ್ಟರು, ಎರಡನೆಯದು ಕಲಸಿದರು. ನನ್ನ ಮುಖ ನೋಡಲಿಲ್ಲ. ತಾಟಿನ ಕಡೆ ನೋಡುತ್ತಲೇ ಹೇಳಿದರು:

“ಮಧ್ಯಾಹ್ನ ನೀ ನನ್ನ ಮರತಿ ಅನ್ಕೊಂಡಿದ್ದೆ.”

ನಾನು ತಪ್ಪಾಯಿತು ಅಂದೆ. ಅವರು ಹೂಂ ಅಂದರು. ಗಂಡನನ್ನು ಕಳೆದುಕೊಂಡ ದಿನ ಅವರಿಗೆ ಸಮಾಧಾನ ಹೇಳಬೇಕಾದ ನಾನು ಅವರಿಂದ ಕ್ಷಮೆ ಬೇಡುತ್ತ ಕೂತಿದ್ದೆ. ಆ ನಾಚಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಕಾರ್ಡು ಹಿಡಿದು ಡಬ್ಬಿ ಮನೆಗೆ ಹೋದೆ. ತುಂಬಲು ಅಲ್ಲ, ಜಗಳಕ್ಕೆ. ಮೇಜಿನ ಮೇಲೆ ಕಾರ್ಡು ಇಟ್ಟು, ಇನ್ನು ಬರುವುದಿಲ್ಲ ಎಂದೆ. ಅವಳು ಕಾರಣ ಕೇಳಿದಳು. ನಾನು ಗುರುವಾರದ ಕತೆಯನ್ನೆಲ್ಲ ಹೇಳಿದೆ. ನನ್ನ ದನಿ ಏರಿತ್ತು, ಸಾಲಿನಲ್ಲಿದ್ದ ಹೆಂಗಸರು ಚಮಚ ಹಿಡಿದು ನಿಂತುಬಿಟ್ಟರು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಸಿಟ್ಟಾಗಲಿಲ್ಲ.

“ಅಕ್ಕಾರ, ನಿಮ್ಮ ವೈನಿ ದುಃಖ ನನಗ ತಿಳೀತೈತಿ. ಆದ್ರ ಬಳ್ಳೊಳ್ಳಿ ನಾವು ಬ್ಯಾರೆ ಬಟ್ಟಲದಾಗ ಇಟ್ಟಿರ್ತೇವಿ. ಹಾಕಿದವರು ನೀವ ಅಲ್ಲೇನ್ರಿ?”

ಅವಳ ಮಾತು ಸರಿಯಾಗಿತ್ತು. ಬೆಳ್ಳುಳ್ಳಿಯ ಬಟ್ಟಲು ಬೇರೆಯೇ ಇರುತ್ತಿತ್ತು, ಬೇಡವಾದವರು ಬಿಡಬಹುದಿತ್ತು. ನಾನೇ ಕೈಯಾರೆ ಚಮಚ ಎತ್ತಿ ಹಾಕಿದ್ದೆ. ನಿಮ್ಮ ಗೋಡೆಯ ಮೇಲಿನ ‘ನಿಮ್ಮದೇ ಕೈರುಚಿ’ ಅಳಿಸಿರಿ ಎಂದು ಏನೋ ಒಂದು ಹೇಳಿ ಹೊರಗೆ ಬಂದೆ. ಹಿಂದೆ ಯಾರೋ ನಕ್ಕದ್ದು ಕೇಳಿಸಿತು.

ಉತ್ತರ ಹೊಳೆದದ್ದು ನಡೆದುಕೊಂಡು ಮನೆಗೆ ಬರುವಾಗ. ಭಾನುವಾರ ಬೆಳ್ಳುಳ್ಳಿ ಹಾಕುವಾಗ ಗುರುವಾರ ಅದನ್ನು ಯಾರು ಉಣ್ಣುತ್ತಾರೆಂದು ನನಗೆ ಹೇಗೆ ತಿಳಿಯಬೇಕು? ಮನೆಯ ಅಡುಗೆ ಅಂದರೆ ಉಣ್ಣುವವರ ಮುಖ ನೋಡಿ ಮಾಡಿದ್ದು. ಇವನಿಗೆ ನೆಗಡಿ, ಮೆಣಸು ಒಂದೆರಡು ಹೆಚ್ಚಿರಲಿ. ಇವಳಿಗೆ ಪರೀಕ್ಷೆ, ಭಾರದ್ದು ಬೇಡ. ಇವತ್ತು ಸೆಕೆ, ಸಾರು ತೆಳ್ಳಗಿರಲಿ. ಅದು ಅವತ್ತೇ ಗೊತ್ತಾಗುವ ವಿಷಯ. ನಾಲ್ಕು ದಿನ ಮೊದಲು, ಟೋಪಿ ಗವಸು ಹಾಕಿಕೊಂಡು, ಗೋಡೆಯ ಚೀಟಿ ನೋಡಿ ಮಾಡಿದ ಅಡುಗೆಗೆ ಉಣ್ಣುವವರ ಮುಖ ಇರುವುದಿಲ್ಲ. ಹೆಚ್ಚುವುದು, ರುಬ್ಬುವುದು ಕಷ್ಟದ ಕೆಲಸವೇ. ಆದರೆ ಆ ಹೊತ್ತಿನಲ್ಲೇ ನಾನು ಯಾರಿಗೆ ಏನು ಎಂದು ಯೋಚಿಸುತ್ತಿದ್ದೆ. ಡಬ್ಬಿ ಮನೆ ನನ್ನ ಕೈಯಿಂದ ಈಳಿಗೆಯ ಜೊತೆ ಆ ಯೋಚನೆಯನ್ನೂ ತೆಗೆದುಕೊಂಡಿತ್ತು. ಬದಲಿಗೆ ಕೊಟ್ಟ ಇಪ್ಪತ್ತು ನಿಮಿಷದಲ್ಲಿ ನಾನು ಏನು ಮಾಡಿದೆ ಎಂದು ಎಷ್ಟು ನೆನೆಸಿದರೂ ನೆನಪಾಗುವುದಿಲ್ಲ. ಮೊಬೈಲು ನೋಡಿರಬೇಕು.

ಇದನ್ನು ಗಂಡನಿಗೆ ಹೇಳಿದಾಗ ಅವರು ಒಪ್ಪಲಿಲ್ಲ. ನಮ್ಮಲ್ಲಿ ಅಪರೂಪಕ್ಕೆ ದೊಡ್ಡ ಜಗಳವಾಯಿತು.

“ರೊಟ್ಟಿ ಆ ಮೂಲಿ ಬಾಯಿ ಕಡೆಯಿಂದ ಕೊಂಡ ತರ್ತಿ. ಅದು ನಡೀತೈತಿ. ಡಬ್ಬಿ ಯಾಕ ನಡ್ಯಾಂಗಿಲ್ಲ?” ಎಂದರು.

ನಾನು ಜೋಳದ ರೊಟ್ಟಿ ಕೊಳ್ಳುತ್ತಿದ್ದದ್ದು ನಿಜ, ಈಗಲೂ ಕೊಳ್ಳುತ್ತೇನೆ. ಮಿಲ್ಲಿನ ರಸ್ತೆಯ ಮೂಲೆಯಲ್ಲಿ ಎಲ್ಲರೂ ಬಾಯಿ ಎಂದು ಕರೆಯುವ ಒಬ್ಬ ಹೆಂಗಸು ದಿನಾ ರೊಟ್ಟಿ ಬಡಿದು ಮಾರುತ್ತಾಳೆ, ನನ್ನ ರೊಟ್ಟಿಗಿಂತ ತೆಳ್ಳಗೆ, ಚೆನ್ನಾಗಿ ಉಬ್ಬಿದ್ದು.

“ರೊಟ್ಟಿ ಕೊಂಡಿದ್ದು ಅಂತ ಹೇಳಿ ನೀಡ್ತೇನಿ. ಅದನ್ನ ನಾ ಮಾಡೇನಿ ಅಂತ ಯಾವಾಗಾರ ಹೇಳೇನೇನ್ರಿ?” ಎಂದೆ.

ಖಾನಾವಳಿಯ ಊಟದ ಬಗ್ಗೆಯೂ ನನಗೆ ಬೇಸರವಿಲ್ಲ. ಅದು ಖಾನಾವಳಿಯ ಊಟ ಎಂದೇ ಬರುತ್ತದೆ, ಬಡಿಸಿದವನ ಕೈ ಕಾಣುತ್ತದೆ, ಉಪ್ಪು ಕಡಿಮೆಯಾದರೆ ಯಾರನ್ನು ಬೈಯಬೇಕೆಂದು ಗೊತ್ತಿರುತ್ತದೆ. ಡಬ್ಬಿ ಮನೆಯದು ಕೊಂಡದ್ದೂ ಅಲ್ಲ, ಮಾಡಿದ್ದೂ ಅಲ್ಲ. ಪರದೆಯ ಹಿಂದಿನವಳು ಹೆಚ್ಚಿದ್ದನ್ನು ನಾನು ತುಂಬಿ ತಂದು ನನ್ನ ಹೆಸರು ಬರೆದುಕೊಳ್ಳಬೇಕು. ಆ ಸುಳ್ಳಿಗೆ ನನ್ನಿಂದಲೇ ದುಡ್ಡು ತೆಗೆದುಕೊಳ್ಳುತ್ತಾರೆ. ಇಷ್ಟನ್ನೂ ಹೇಳಿದೆ. ಅವರು ಕೇಳಿ, ಸದಸ್ಯತ್ವ ಇನ್ನೂ ನಾಲ್ಕು ತಿಂಗಳು ಇದೆ, ನೀ ಹೋಗದಿದ್ದರೆ ನಾನೇ ಹೋಗುತ್ತೇನೆ ಎಂದರು. ಹೋಗಿ ಎಂದೆ. ಹೋಗಲಾರರು ಎಂದುಕೊಂಡಿದ್ದೆ.

ಹೋದರು. ಬಲೆಯ ಟೋಪಿ ಹಾಕಿಕೊಂಡು ಹೆಂಗಸರ ಸಾಲಿನಲ್ಲಿ ನಿಂತರಂತೆ. ಹನ್ನೆರಡು ಡಬ್ಬಿ ತುಂಬಿಕೊಂಡು ಬಂದು ಮುಚ್ಚಳಗಳ ಮೇಲೆ ದುಂಡಗೆ ಹೆಸರು ಬರೆದರು. ಆ ವಾರ ಅವರದು ಬೆಳಗಿನ ಪಾಳಿ. ಸಂಜೆ ನಾನು ಬರುವ ಹೊತ್ತಿಗೆ ಒಲೆಯ ಮುಂದೆ ನಿಂತು ಚೀಟಿ ಓದುತ್ತಿದ್ದರು. ‘ಸಣ್ಣ ಉರಿ’ ಅಂದರೆ ಎಷ್ಟು ಸಣ್ಣ ಎಂದು ನನ್ನನ್ನು ಕೇಳಿದರು. ನಾನು ಹೇಳಲಿಲ್ಲ. ಮಗಳು ಹೇಳಿದಳು. ಮೊದಲ ದಿನ ತಳ ಹತ್ತಿಸಿದರು, ಎರಡನೆಯ ದಿನ ಸರಿಯಾಯಿತು. ಜೀರಿಗೆಗೂ ಅಜವಾನಕ್ಕೂ ಫರಕು ಗೊತ್ತಿಲ್ಲದ ಮನುಷ್ಯ ಮೂರನೆಯ ವಾರಕ್ಕೆ ಎರಡು ಬಗೆ ಮಾಡಿ ತಾಟಿಗೆ ಬಡಿಸಿದರು.

ಆದ್ದರಿಂದ ನ್ಯಾಯವಾಗಿ ಒಂದು ಮಾತು ಒಪ್ಪಿಕೊಳ್ಳಬೇಕು. ಅಡುಗೆ ಬಾರದವರಿಗೆ, ಬಂದರೂ ಯಾರಿಗಾಗಿ ಎಂಬ ಗೊಡವೆ ಇಲ್ಲದವರಿಗೆ ಡಬ್ಬಿ ಮನೆ ಪ್ರಯೋಜನಕ್ಕೆ ಬರುತ್ತದೆ. ಜೊಯಿಡಾದ ನಮ್ಮ ಕಚೇರಿಗೆ ಹೊಸದಾಗಿ ಬಂದು ದಾಂಡೇಲಿಯಲ್ಲಿ ಕೋಣೆ ಮಾಡಿಕೊಂಡಿರುವ ಕೊಂಕಣಿ ಹುಡುಗಿಯೊಬ್ಬಳು ಸೇರಲೇ ಎಂದು ನನ್ನನ್ನು ಕೇಳಿದಳು. ಬೇಡ ಎಂದೆ. ಸೇರಿದಳು. ಸುಖವಾಗಿದ್ದಾಳೆ. ಅವಳ ಮೇಲೆ ನನಗೆ ಕೋಪವಿಲ್ಲ. ಮನೆ ನಡೆಸುವ, ಕೈಯಲ್ಲಿ ಅಡುಗೆ ಇರುವ ಹೆಂಗಸರಿಗೆ ಅದನ್ನು ವಿಶ್ರಾಂತಿ ಎಂದು ಮಾರುತ್ತಾರಲ್ಲ, ಅದರ ಮೇಲೆ ಕೋಪ. ಹೆಂಡತಿ ದಣಿದಿದ್ದಾಳೆ ಎಂದು ಕಂಡ ಗಂಡಸು ಎದ್ದು ಈಳಿಗೆಯ ಮುಂದೆ ಕೂರುವ ಬದಲು ಅವಳನ್ನು ಇನ್ನೊಂದು ಅಡುಗೆಮನೆಗೆ ಕಳಿಸಿಬಿಡಲು ಅದೊಂದು ದಾರಿಯಾಯಿತಲ್ಲ, ಅದರ ಮೇಲೆ ಕೋಪ.

ವೈನಿ ಈಗಲೂ ಎದುರು ಮನೆಯಲ್ಲೇ ಇದ್ದಾರೆ. ಅವರ ಅಕ್ಕ ಹಳಿಯಾಳಕ್ಕೆ ಕರೆದರು, ಹೋಗಲಿಲ್ಲ. ನನ್ನ ಜೊತೆ ಮೊದಲಿನಂತೆ ಮಾತಾಡುತ್ತಾರೆ. ಆದರೆ ನಾನು ಬಟ್ಟಲು ಒಯ್ದಾಗ ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡುತ್ತಾರೆ. ಮೊದಲು ಹಾಗೆ ನೋಡುತ್ತಿರಲಿಲ್ಲ. ನಾನು ಆ ಹೊತ್ತಿಗೆ ಬೇರೆ ಕಡೆ ತಿರುಗಿರುತ್ತೇನೆ.

ನನ್ನ ಗಂಡ ಸದಸ್ಯತ್ವವನ್ನು ಮತ್ತೆ ಒಂದು ವರ್ಷಕ್ಕೆ ಮುಂದುವರಿಸಿದ್ದಾರೆ. ವಾರದಲ್ಲಿ ಎರಡು ಸಂಜೆ ಅವರದು ಅಡುಗೆ, ಉಳಿದದ್ದು ನನ್ನದು. ಆ ಎರಡು ಸಂಜೆ ನಾನು ರೊಟ್ಟಿಗೆ ಗುರೆಳ್ಳಿನ ಪುಡಿ, ಮೊಸರು ಹಚ್ಚಿಕೊಂಡು ಉಣ್ಣುತ್ತೇನೆ. ಅವರು ತಮ್ಮ ಪಲ್ಯದ ಪಾತ್ರೆಯನ್ನು ನನ್ನ ಕಡೆ ಸರಿಸುತ್ತಾರೆ, ನಾನು ಅದನ್ನು ಮಗಳ ಕಡೆ ಸರಿಸುತ್ತೇನೆ. ಕಳೆದ ವಾರ ಒಂದು ದಿನ ಅವರು ಉಳ್ಳಾಗಡ್ಡಿ ಒಂದನ್ನು ಕೈಗೆತ್ತಿಕೊಂಡು, ಡಬ್ಬಿಯದು ಸಾಲದು, ಇದನ್ನು ಹೇಗೆ ಹೆಚ್ಚುವುದು ಎಂದು ಕೇಳಿದರು. ಮೊದಲು ಸಿಪ್ಪೆ ತೆಗೀರಿ ಎಂದು ಹೇಳಿ, ನನ್ನ ತಾಟು ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಕೂತೆ.